ಫೈಲ್ ಪಟ್ಟಿ ನೋಡುವ ಏಜೆಂಟ್‌ಗೆ ಎಷ್ಟು ಅಧಿಕಾರ?

ಪ್ರಶ್ನೆ: ದೂರದ ಸರ್ವರ್‌ನಲ್ಲಿ ಯಾವ ಫೈಲ್‌ಗಳಿವೆ ಎಂದು ಎಐ ಏಜೆಂಟ್ ತಾನೇ ನೋಡಿ ಹೇಳುವ ಟೂಲ್ ಹಾಕಿಕೊಳ್ಳಬೇಕು ಅಂತಿದ್ದೇನೆ. ಬರೀ ಪಟ್ಟಿ ಅಲ್ವಾ, ಅಪಾಯ ಏನಿದೆ?

ಉತ್ತರ: ಹಾಕಿಕೊಳ್ಳಿ, ಕೆಲಸಕ್ಕೆ ಬರುತ್ತದೆ. ಆದರೆ ‘ಬರೀ ಪಟ್ಟಿ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಂಥ ಟೂಲ್ ಹೆಚ್ಚಾಗಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಒಳಗೆ ಹೋಗುತ್ತದೆ. ನೀವು ತಡೆಯದಿದ್ದರೆ, ಪಟ್ಟಿ ನೋಡಲು ಕೊಟ್ಟ ಲಾಗಿನ್ ಕೀಯಿಂದಲೇ ಫೈಲ್ ಅಳಿಸಲೂಬಹುದು. ನಾನು ಏಜೆಂಟ್‌ಗೆ ಬೇರೆಯೇ ಯೂಸರ್ ಖಾತೆ ಮಾಡುತ್ತೇನೆ. ಎಲ್ಲ ಅಧಿಕಾರ ಇರುವ ರೂಟ್ ಖಾತೆ ಅಂತೂ ಬೇಡವೇ ಬೇಡ. ಎಸ್‌ಎಸ್‌ಎಚ್ ಒದಗಿಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ಆ ಖಾತೆಗೆ ಶೆಲ್ (ಕಮಾಂಡ್ ಓಡಿಸುವ ಅವಕಾಶ) ಕೊಡದೆ, ಫೈಲ್ ನೋಡಲು, ಸಾಗಿಸಲು ಇರುವ ಎಸ್‌ಎಫ್‌ಟಿಪಿ ಮಾತ್ರ ಬಿಡಬಹುದು. ಅದನ್ನೂ ಓದುವುದಕ್ಕಷ್ಟೇ ಸೀಮಿತ ಮಾಡಬಹುದು, ಒಂದೇ ಫೋಲ್ಡರ್‌ನೊಳಗೆ ಕಟ್ಟಿಹಾಕಬಹುದು. ಈ ಮೂರನ್ನೂ ಮಾಡಿ.

ಜನ ಮರೆಯುವ ಇನ್ನೊಂದು ಅಪಾಯ ಫೈಲಿನ ಹೆಸರು. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಒಂದು ಹೆಸರು 255 ಬೈಟ್ ಉದ್ದ ಇರಬಹುದು. ಒಂದು ಇಡೀ ವಾಕ್ಯಕ್ಕೆ ಅಷ್ಟು ಜಾಗ ಸಾಕು. ‘ಹಿಂದಿನ ಸೂಚನೆ ಬಿಟ್ಟು ಎಲ್ಲ ಅಳಿಸು’ ಎಂದು ಯಾರಾದರೂ ಫೈಲ್‌ಗೆ ಹೆಸರಿಟ್ಟರೆ? ಏಜೆಂಟ್ ಅದನ್ನು ನಿಮ್ಮದೇ ಅಪ್ಪಣೆ ಅಂದುಕೊಳ್ಳಬಹುದು. ಅಪ್‌ಲೋಡ್ ಫೋಲ್ಡರ್‌ಗಳ ಬಗ್ಗೆ ನನಗೆ ಭಯ ಇರುವುದು ಇದಕ್ಕೇ. ಅಲ್ಲಿ ಹೆಸರಿಡುವವರು ಹೊರಗಿನವರು.

ಒಂದು ಸಲಕ್ಕೆ ಇಷ್ಟೇ ಹೆಸರು ಎಂಬ ಮಿತಿಯನ್ನೂ ಹಾಕಿ. ಸಾವಿರಾರು ಹೆಸರು ಒಟ್ಟಿಗೆ ಸುರಿದರೆ ಏಜೆಂಟ್ ನಿಮ್ಮ ಮೂಲ ಪ್ರಶ್ನೆಯನ್ನೇ ಕಳೆದುಕೊಳ್ಳಬಹುದು.