ಸೋಂಕೇ ಇಲ್ಲ, ಆದ್ರೂ ಶುಗರ್ ಇರೋರಿಗೆ ಸಿಆರ್‌ಪಿ ಯಾಕೆ ಜಾಸ್ತಿ ಬರುತ್ತೆ?

ನಿಮ್ಮ ತಂದೆಯವರಿಗೆ ಜ್ವರ ಇಲ್ಲ, ಕೀವಿಲ್ಲ, ಆದ್ರೂ ಸಿಆರ್‌ಪಿ (ಉರಿಯೂತ ಇದ್ರೆ ರಕ್ತದಲ್ಲಿ ಏರೋ ಒಂದು ಪ್ರೋಟೀನ್) ಸ್ವಲ್ಪ ಜಾಸ್ತಿ ಬಂದೈತೆ, ಡಾಕ್ಟ್ರು ಶುಗರ್‌ನಿಂದಾನೇ ಒಳಗೆ ಇನ್‌ಫ್ಲಮೇಷನ್, ಅಂದ್ರೆ ಉರಿಯೂತ, ಅಂದ್ರು, ಅದು ಹೆಂಗೆ ಅಂತ ಕೇಳಿದೀರಿ. ನಾನು ದಾವಣಗೆರೇಲಿ ಬಯೋಕೆಮಿಸ್ಟ್ರಿ ಪಾಠ ಮಾಡ್ತೀನಿ, ಡಾಕ್ಟರಲ್ಲ, ಆದ್ರೆ ಇದು ನನಗೆ ಬಹಳ ಇಷ್ಟದ ವಿಷಯ.

ಹೊಟ್ಟೆಯೊಳಗೆ ಬೊಜ್ಜು ಬೆಳೆದಾಗ ಕೊಬ್ಬಿನ ಕೋಶಗಳು ಊದ್ಕೊಂಡು ಕೆಲವು ಸಾಯ್ತವೆ, ಅವನ್ನ ತೆಗೆಯೋಕೆ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕೋಶಗಳು ಬರ್ತವೆ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸತ್ತ ಒಂದೊಂದು ಕೊಬ್ಬಿನ ಕೋಶದ ಸುತ್ತ ಇವು ಉಂಗುರದಂಗೆ ಒತ್ತೊತ್ತಾಗಿ ಕೂತಿರ್ತವೆ. ದಪ್ಪ ಇಲಿಗಳ ಕೊಬ್ಬಲ್ಲಿ ಟಿಎನ್‌ಎಫ್ ಅನ್ನೋ ಉರಿಯೂತದ ಪ್ರೋಟೀನ್ ಜಾಸ್ತಿ ಇರುತ್ತೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತೆ ಅಂತ 1993ರಲ್ಲೇ ಗೊತ್ತಾಗಿತ್ತು. ಅದು ಬಹುಪಾಲು ಬರ್ತಿರೋದು ಈ ಮ್ಯಾಕ್ರೋಫೇಜಿಂದ ಅನ್ನೋದು 2003ರಲ್ಲಿ ತಿಳೀತು.

ಆದ್ರೆ ಇವು ಬಂದ ಕೆಲಸ ಮುಗಿಸಿ ಸುಮ್ಮನಾಗಲ್ಲ ಯಾಕೆ? ನನ್ನ ಪ್ರಕಾರ ಇಡೀ ವಿಷಯದ ಜೀವ ಇಲ್ಲೈತೆ ನೋಡ್ರಿ, ಈ ಕೋಶ ಏನನ್ನ ಹೆಂಗೆ ಉರಿಸುತ್ತೆ ಅನ್ನೋದಕ್ಕೂ ಅದರ ವರ್ತನೆಗೂ ನೇರ ಸಂಬಂಧ ಐತೆ. ಗಾಯ ಮಾಗಿಸೋ ಮ್ಯಾಕ್ರೋಫೇಜ್ ಹೆಚ್ಚಾಗಿ ಮೈಟೋಕಾಂಡ್ರಿಯಾದಲ್ಲಿ (ಕೋಶದೊಳಗೆ ಶಕ್ತಿ ಮಾಡೋ ಭಾಗ) ಕೊಬ್ಬು ಉರಿಸ್ಕೊಂಡು ನಿಧಾನಕ್ಕೆ ಕೆಲಸ ಮಾಡುತ್ತೆ. ಜಗಳಕ್ಕೆ ನಿಂತಿದ್ದು ಗ್ಲೂಕೋಸನ್ನ ಗಬಗಬ ಎಳ್ಕೊಂಡು, ಆಕ್ಸಿಜನ್ ಇದ್ರೂ ಅದನ್ನ ಪೂರ್ತಿ ಉರಿಸ್ದೆ ಲ್ಯಾಕ್ಟೇಟ್ ಮಾಡುತ್ತೆ, ಮೈಟೋಕಾಂಡ್ರಿಯಾದಲ್ಲಿ ಶಕ್ತಿ ಮಾಡೋ ಕ್ರಿಯೆಗಳ ಚಕ್ರ ಮಧ್ಯದಲ್ಲೇ ತಡೆದು ಅಲ್ಲಿನ ಸಕ್ಸಿನೇಟ್ ಅನ್ನೋ ವಸ್ತು ಕೂಡ್ಕೊಳ್ಳುತ್ತೆ, ಆ ಸಕ್ಸಿನೇಟ್ ಹಿಫ್-1 ಆಲ್ಫಾ ಅನ್ನೋ ಪ್ರೋಟೀನು ಒಡೆದು ಹೋಗದಂಗೆ ಕಾಯುತ್ತೆ, ಅದು ಐಎಲ್-1 ಬೀಟಾ ಅನ್ನೋ ಉರಿಯೂತದ ಸಂದೇಶ ಒಯ್ಯೋ ಪ್ರೋಟೀನ್ ಮಾಡಿಸುತ್ತೆ. ಇದರ ಜೊತೆ ರಕ್ತದಲ್ಲಿ ಪಾಮಿಟೇಟ್‌ನಂಥ ಕೊಬ್ಬಿನಾಮ್ಲ ಜಾಸ್ತಿ ಇದ್ರೆ ಆ ಐಎಲ್-1 ಬೀಟಾನ ಹೊರಗೆ ಬಿಡೋ ವ್ಯವಸ್ಥೆನೂ ಶುರುವಾಗುತ್ತೆ. ಅದು ಪ್ಯಾಂಕ್ರಿಯಾಸಲ್ಲಿ ಇನ್ಸುಲಿನ್ ಮಾಡೋ ಬೀಟಾ ಕೋಶಗಳಿಗೇ ಏಟು ಕೊಡುತ್ತೆ, ಶುಗರ್ ಇನ್ನೂ ಏರುತ್ತೆ. ಇದು ಬರೀ ಇಲಿ ಕಥೆ ಅಲ್ಲ, 2007ರಲ್ಲಿ ಟೈಪ್ 2 ಶುಗರ್ ಇರೋರಿಗೆ ಐಎಲ್-1 ತಡೆಯೋ ಅನಾಕಿನ್ರಾ ಅನ್ನೋ ಔಷಧಿ ಕೊಟ್ಟು ನೋಡಿದಾಗ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) ಇಳೀತು, ಸಿಆರ್‌ಪಿನೂ ಇಳೀತು. ಸಿಆರ್‌ಪಿ ಮಾಡೋದು ಲಿವರ್, ಈ ಸಂದೇಶಗಳು ಅಲ್ಲಿಗೆ ಮುಟ್ಟಿದ್ರೆ ಸಾಕು, ಸೋಂಕೇ ಬೇಕಂತಿಲ್ಲ.

ನಮ್ಮ ಕಡೆ ಮೆಕ್ಕೆಜೋಳದ ಹೊಲದಲ್ಲಿ ಬರಿಗಾಲಲ್ಲಿ ಓಡಾಡೋ ಹಿರಿಯರ ಕಾಲಿನ ಗಾಯ ವಾರಗಟ್ಟಲೆ ಮಾಯದೇ ಇರೋದಕ್ಕೂ ಇದು ಒಂದು ಕಾರಣ, ಮ್ಯಾಕ್ರೋಫೇಜು ಜಗಳದಿಂದ ಮಾಗಿಸೋ ಕಡೆ ತಿರುಗಲ್ಲ. ನರ, ರಕ್ತಸಂಚಾರದ ತೊಂದರೆನೂ ಸೇರ್ಕೊಳ್ಳುತ್ತೆ. ದಯವಿಟ್ಟು ತಂದೆಯವರ ಅಂಗಾಲು ದಿನಾ ನೋಡ್ರಿ.

ಆದ್ರೆ ಸಿಆರ್‌ಪಿ ತುಂಬಾನೇ ಏರಿದ್ರೆ ಸೋಂಕು ಹುಡುಕ್ಲೇಬೇಕು. ಮತ್ತೆ ಇನ್‌ಫ್ಲಮೇಷನ್ ಅಂದ್ರು ಅಂತ ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ಕೊಡ್ಬೇಡ್ರಿ, ಶುಗರ್ ಇರೋರ ಕಿಡ್ನಿಗೆ ಅದು ಒಳ್ಳೇದಲ್ಲ.