ಎಕ್ಸ್‌ರೇ ಡಿಟೆಕ್ಟರ್‌ಗೆ ಎಫ್‌ಪಿಜಿಎ ಬೇಕೇ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಎಕ್ಸ್‌ರೇ ಫೋಟಾನ್ ಒಂದೊಂದರ ಎನರ್ಜಿ ಅಳೆಯುವ ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್ ಇದೆ, ಒಂದು ವೇಗದ ಎಡಿಸಿ (ಸಿಗ್ನಲ್ ಅನ್ನು ಸಂಖ್ಯೆಗಳಾಗಿ ಬದಲಿಸುವ ಚಿಪ್) ಹಾಕಿ ಮಿಕ್ಕ ಲೆಕ್ಕವನ್ನೆಲ್ಲ ಕಂಪ್ಯೂಟರ್‌ನಲ್ಲೇ ಮಾಡಬಹುದಲ್ವಾ, ನಡುವೆ ಎಫ್‌ಪಿಜಿಎ (ಬೇಕಾದ ಲೆಕ್ಕಕ್ಕೆ ತಕ್ಕಂತೆ ಒಳಗಿನ ಸರ್ಕ್ಯೂಟ್ ಹೊಂದಿಸಿಕೊಳ್ಳಬಹುದಾದ ಚಿಪ್) ಯಾಕೆ? ಜೊತೆಗೆ, ಪೀಕಿಂಗ್ ಟೈಮ್ ಎಷ್ಟು ಇಡಬೇಕು?

ಮಾಡಬಹುದು, ಫೋಟಾನ್‌ಗಳು ನಿಧಾನವಾಗಿ ಬರುತ್ತಿದ್ದರೆ. ಆದರೆ 14 ಬಿಟ್ ಎಡಿಸಿ ಸೆಕೆಂಡಿಗೆ 10 ಕೋಟಿ ಸ್ಯಾಂಪಲ್ ಕೊಟ್ಟರೆ, ಒಂದೊಂದಕ್ಕೆ 2 ಬೈಟ್‌ನಂತೆ ಸೆಕೆಂಡಿಗೆ 200 ಮೆಗಾಬೈಟ್ ಆಯಿತು. ಅದೂ ಒಂದೇ ಚಾನೆಲ್‌ಗೆ, ಬಿಡುವಿಲ್ಲದೆ. ಅದರಲ್ಲಿ ಬಹುಪಾಲು ಫೋಟಾನ್ ಬಾರದ ಹೊತ್ತಿನ ಖಾಲಿ ಗೆರೆ. ಎಫ್‌ಪಿಜಿಎ ಪ್ರತಿ 10 ನ್ಯಾನೊಸೆಕೆಂಡಿಗೆ ಬರುವ ಸ್ಯಾಂಪಲ್ ಅನ್ನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡು, ಕಂಪ್ಯೂಟರ್‌ಗೆ ಬರೀ ಎನರ್ಜಿ ಸಂಖ್ಯೆ ಕಳಿಸುತ್ತದೆ.

ಆ ಲೆಕ್ಕ ಸರಳವೇ. ಡಿಟೆಕ್ಟರ್ ನಂತರದ ಮೊದಲ ಆಂಪ್ಲಿಫೈಯರ್, ಅಂದರೆ ಪ್ರೀಆಂಪ್‌ನಿಂದ ಪ್ರತಿ ಫೋಟಾನ್‌ಗೆ ಬರುವುದು ಒಂದು ಮೆಟ್ಟಿಲು. ಮೆಟ್ಟಿಲಿನ ಎತ್ತರವೇ ಎನರ್ಜಿ. ಮೆಟ್ಟಿಲಿನ ನಂತರದ ಒಂದಷ್ಟು ಸ್ಯಾಂಪಲ್‌ಗಳ ಸರಾಸರಿಯಿಂದ ಮುಂಚಿನವುಗಳ ಸರಾಸರಿಯನ್ನು ಕಳೆಯುವುದು, ನಡುವಿನ ಏರುವ ಭಾಗವನ್ನು ಬಿಟ್ಟುಬಿಡುವುದು. ಇದೇ ಟ್ರೆಪಿಜಾಯ್ಡ್ ಫಿಲ್ಟರ್. ಹೊಸ ಸ್ಯಾಂಪಲ್ ಬಂದಾಗ ಅದನ್ನು ಕೂಡಿ ಹಳೆಯದನ್ನು ಕಳೆದರೆ ಸಾಕು, ಇಡೀ ಸರಾಸರಿಯನ್ನು ಮತ್ತೆ ಮಾಡಬೇಕಿಲ್ಲ. ಕೊನೆಯಲ್ಲಿ ಇಳಿಯುವ ಬಾಲವಿರುವ ಪಲ್ಸ್‌ಗಳಿಗೂ ಇದೇ ರೀತಿಯ ಲೆಕ್ಕವನ್ನು ಜೋರ್ಡನೋವ್ ಮತ್ತು ನೋಲ್ 1994ರಲ್ಲಿ ತೋರಿಸಿದರು.

ಇನ್ನು ಪೀಕಿಂಗ್ ಟೈಮ್. ಅಂದರೆ ಆ ಸರಾಸರಿ ಎಷ್ಟು ಉದ್ದ ಅನ್ನುವುದು. ಉದ್ದ ಮಾಡಿದರೆ ಪ್ರೀಆಂಪ್‌ನ ಸೀರೀಸ್ ನಾಯ್ಸ್ (ಅದರ ಟ್ರಾನ್ಸಿಸ್ಟರ್‌ನದೇ ನಾಯ್ಸ್) ತಗ್ಗುತ್ತದೆ, ಆದರೆ ಲೀಕೇಜ್ ಕರೆಂಟ್‌ನ (ಫೋಟಾನ್ ಇಲ್ಲದಾಗಲೂ ಡಿಟೆಕ್ಟರ್‌ನಲ್ಲಿ ಸೋರುವ ಕರೆಂಟ್) ನಾಯ್ಸ್ ಏರುತ್ತದೆ. ಆ ಸೋರಿಕೆ ತಗ್ಗಲೆಂದೇ ಡಿಟೆಕ್ಟರ್ ಅನ್ನು ತಂಪಾಗಿ ಇಡುವುದು. 5.9 ಕೆಇವಿ (ಎನರ್ಜಿಯ ಅಳತೆ, ಕಿಲೋ ಎಲೆಕ್ಟ್ರಾನ್ ವೋಲ್ಟ್; 1 ಕೆಇವಿ ಅಂದರೆ 1000 ಇವಿ) ಫೋಟಾನ್ ಒಂದು ಸಿಲಿಕಾನ್‌ನಲ್ಲಿ ಸುಮಾರು 1600 ಎಲೆಕ್ಟ್ರಾನ್ ಬಿಡಿಸುತ್ತದೆ, ಅಷ್ಟೇ. ಆ ಎಣಿಕೆ ಪ್ರತಿ ಸಲ ಕೊಂಚ ಏರುಪೇರಾಗುವುದರಿಂದ, ಎಲೆಕ್ಟ್ರಾನಿಕ್ಸ್ ನಾಯ್ಸ್ ಒಂದಿಷ್ಟೂ ಇಲ್ಲದಿದ್ದರೂ ಸ್ಪೆಕ್ಟ್ರಮ್‌ನಲ್ಲಿ (ಯಾವ ಎನರ್ಜಿಯ ಫೋಟಾನ್ ಎಷ್ಟು ಬಂದವು ಎಂಬ ಗ್ರಾಫ್) ಆ ಎನರ್ಜಿಯಲ್ಲಿ ಕಾಣುವ ಪೀಕ್‌ನ ಅಗಲ 120 ಇವಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಗಲ 127 ಇವಿ ಬೇಕೆಂದರೆ ಇಡೀ ಸರ್ಕ್ಯೂಟ್‌ನ ನಾಯ್ಸ್ ಐದಾರು ಎಲೆಕ್ಟ್ರಾನ್‌ನಷ್ಟೇ ಇರಬೇಕು. ಇದು ಗೆಲ್ಲುವುದೋ ಸೋಲುವುದೋ ಮೊದಲ ಟ್ರಾನ್ಸಿಸ್ಟರ್‌ನಲ್ಲಿ. ಅಲ್ಲಿ ಕೆಟ್ಟದ್ದನ್ನು ಎಷ್ಟು ಒಳ್ಳೆಯ ಎಫ್‌ಪಿಜಿಎ ಹಾಕಿದರೂ ಸರಿಮಾಡಲು ಆಗುವುದಿಲ್ಲ.

ಉದ್ದ ಮಾಡಿದ್ದಕ್ಕೆ ಇನ್ನೊಂದು ಬೆಲೆಯೂ ಇದೆ: ಡೆಡ್ ಟೈಮ್, ಅಂದರೆ ಒಂದು ಪಲ್ಸ್ ಅಳೆಯುವಾಗ ಇನ್ನೊಂದನ್ನು ಅಳೆಯಲಾಗದ ಸಮಯ. ಆ ನಡುವೆ ಬಂದ ಪಲ್ಸ್ ಅದನ್ನು ಇನ್ನಷ್ಟು ಎಳೆಯುತ್ತದೆ. ಪ್ರತಿ ಪಲ್ಸ್‌ಗೆ ಅದು 2.5 ಮೈಕ್ರೊಸೆಕೆಂಡ್ ಅಂದುಕೊಳ್ಳಿ. ಸೆಕೆಂಡಿಗೆ 4 ಲಕ್ಷ ಫೋಟಾನ್ ಬಂದರೆ ಸ್ಪೆಕ್ಟ್ರಮ್‌ಗೆ ಸೇರುವುದು ಸುಮಾರು 1.47 ಲಕ್ಷ. ಅದೇ ಗರಿಷ್ಠ. 8 ಲಕ್ಷಕ್ಕೆ ಏರಿಸಿದರೆ ಸೇರುವುದು 1.08 ಲಕ್ಷಕ್ಕೆ ಇಳಿಯುತ್ತದೆ! ಕೌಂಟ್ ಕಡಿಮೆಯಾಯಿತೆಂದು ಎಕ್ಸ್‌ರೇ ಟ್ಯೂಬ್‌ನ ಕರೆಂಟ್ ಏರಿಸುತ್ತಾ ಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ಇಳಿಸಿ ನೋಡಿ.

ನಾನು ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಪ್ರತಿ ಧಾತುವೂ ತನ್ನದೇ ಎನರ್ಜಿಗಳಲ್ಲಿ ಎಕ್ಸ್‌ರೇ ಗೆರೆಗಳನ್ನು ಕೊಡುತ್ತದೆ, ಅವುಗಳಿಂದಲೇ ಅದನ್ನು ಗುರುತಿಸುವುದು. ಉಕ್ಕಿನ ತುಂಡೊಂದರಲ್ಲಿ 12.8 ಕೆಇವಿ ಹತ್ತಿರ ಸಣ್ಣ ಪೀಕ್ ಕಂಡಿತು. ಸೀಸದ ಎಲ್ ಬೀಟಾ ಗೆರೆ 12.6ರಲ್ಲಿದೆ, ಹಾಗಾಗಿ ಸೀಸವಿದೆ ಎಂದು ಬರೆದುಬಿಟ್ಟೆ. ಆದರೆ 10.55ರಲ್ಲಿ ಅದರ ಎಲ್ ಆಲ್ಫಾ ಇರಲೇ ಇಲ್ಲ. ಕಬ್ಬಿಣದ 6.4 ಕೆಇವಿಯ ಎರಡು ಫೋಟಾನ್ ಒಟ್ಟಿಗೆ ಬಿದ್ದು ಒಂದೇ ಪಲ್ಸ್‌ನಂತೆ ಕಂಡಿದ್ದವು. ಕರೆಂಟ್ ಅರ್ಧ ಮಾಡಿದಾಗ ಕಬ್ಬಿಣದ ಪೀಕ್ ಅರ್ಧಕ್ಕೆ ಇಳಿಯಿತು, ಈ ಪೀಕ್ ಕಾಲುಭಾಗಕ್ಕೆ. ಪೈಲ್‌ಅಪ್‌ಗೆ (ಹೀಗೆ ಪಲ್ಸ್‌ಗಳು ಒಂದರ ಮೇಲೊಂದು ಬೀಳುವುದಕ್ಕೆ) ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಂಥದ್ದನ್ನು ಹಿಡಿಯಲೆಂದೇ ಎಫ್‌ಪಿಜಿಎ ಒಳಗೆ ಇನ್ನೊಂದು ಚುರುಕು ಫಿಲ್ಟರ್ ಜೊತೆಜೊತೆಗೆ ಓಡುತ್ತಿರುತ್ತದೆ. ಅದು ಎನರ್ಜಿ ಅಳೆಯುವುದಿಲ್ಲ, ಪಲ್ಸ್ ಯಾವಾಗ ಬಂತು ಎಂದಷ್ಟೇ ನೋಡುತ್ತದೆ. ಎರಡು ತೀರಾ ಹತ್ತಿರ ಬಂದರೆ ಎರಡನ್ನೂ ಎಸೆಯುತ್ತದೆ. ಅದಕ್ಕೂ ಬೇರೆ ಮಾಡಲಾಗದಷ್ಟು ಹತ್ತಿರ ಬಂದವು ಮಾತ್ರ ನನ್ನ ಸುಳ್ಳು ಸೀಸದಂತೆ ಉಳಿಯುತ್ತವೆ.

ಹಾಗಾಗಿ ಪೀಕಿಂಗ್ ಟೈಮ್‌ಗೆ ಎಲ್ಲರಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ಐರನ್-55 ಸೋರ್ಸ್ (5.9 ಕೆಇವಿ ಫೋಟಾನ್ ಕೊಡುವ ವಿಕಿರಣಶೀಲ ಮೂಲ) ಇಟ್ಟು 0.5, 1, 2, 4 ಮೈಕ್ರೊಸೆಕೆಂಡ್‌ನಲ್ಲಿ ಪೀಕ್‌ನ ಅಗಲ ಅಳೆದು ಗ್ರಾಫ್ ಎಳೆಯಿರಿ. ಆಮೇಲೆ ನಿಮ್ಮ ಕೌಂಟ್ ರೇಟ್ ತಾಳುವಷ್ಟು ಉದ್ದದ್ದನ್ನು ಆರಿಸಿ. ಅಂದಹಾಗೆ, ನಿಮ್ಮ ಪ್ರೀಆಂಪ್ ರೀಸೆಟ್ ಬಗೆಯದಾ (ಮೆಟ್ಟಿಲುಗಳು ಏರುತ್ತಾ ಹೋಗಿ ಒಮ್ಮೆಲೇ ಕೆಳಗಿಳಿಯುವುದು), ಫೀಡ್‌ಬ್ಯಾಕ್ ರೆಸಿಸ್ಟರ್ ಬಗೆಯದಾ (ಪ್ರತಿ ಮೆಟ್ಟಿಲೂ ನಿಧಾನ ಇಳಿದು ಬಾಲ ಬಿಡುವುದು)? ಎರಡನೆಯದಾದರೆ ಬಾಲದ ತಿದ್ದುಪಡಿಯನ್ನು ಮೊದಲು ಸರಿಮಾಡಬೇಕು. ತಿಳಿಸಿ, ಅದನ್ನೂ ಬರೆಯುತ್ತೇನೆ.