ನಾನು ಭಾರತದವಳು, ನನ್ನ ಸಂಗಾತಿ ಅಮೆರಿಕದ ಪ್ರಜೆ. ಇಬ್ಬರೂ ಹೆಂಗಸರು, ನನ್ನ ಮನೆಯವರಿಗೆ ಗೊತ್ತಿಲ್ಲ. ಸಂಗಾತಿ ವೀಸಾ ಸಿಗುತ್ತದೆಯೇ?

ಸಿಗುತ್ತದೆ. ನನಗೆ ಸಿಕ್ಕಿದೆ. ನನ್ನ ಹೆಂಡತಿ ಅಮೆರಿಕದ ಪ್ರಜೆ, ನಾನು ಭಾರತದ ಪಾಸ್‌ಪೋರ್ಟಿನವಳು, ಮನೆಯಲ್ಲಿ ಹೇಳದೆಯೇ ಅರ್ಜಿ ಹಾಕಿದವಳು. ಈಗ ಇಬ್ಬರೂ ಒಂದೇ ಸೂರಿನಡಿ ಇದ್ದೇವೆ.

ನಿಮ್ಮ ಮೊದಲ ಭಯ, ಭಾರತದಲ್ಲಿ ಮಾನ್ಯತೆ ಇಲ್ಲದ ಮದುವೆಯನ್ನು ಅಮೆರಿಕದವರು ಒಪ್ಪುತ್ತಾರಾ ಅನ್ನೋದು. ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನಿನ ಭಯ ತೆಗೆಯಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಕೊಡಲಿಲ್ಲ. ಆ ದಿನ ನಾನೂ ಅತ್ತಿದ್ದೇನೆ. ಆದರೆ ನಿಮ್ಮ ವೀಸಾಕ್ಕೆ ಆ ತೀರ್ಪು ಅಡ್ಡ ಬರುವುದಿಲ್ಲ. ಅಮೆರಿಕದವರು ನೋಡುವುದು ಮದುವೆ ನಡೆದ ಜಾಗದ ಕಾನೂನನ್ನು. ಅಲ್ಲಿ ಅದು ಸಿಂಧುವಾಗಿದ್ದರೆ ಸಾಕು, ನಿಮ್ಮ ಸ್ವಂತ ದೇಶ ಏನನ್ನುತ್ತದೆ ಅನ್ನೋದು ಲೆಕ್ಕಕ್ಕಿಲ್ಲ. ಹಾಗಾಗಿ ಮದುವೆ ಅಮೆರಿಕದಲ್ಲಾದರೂ ಆಗಬಹುದು, 2025ರ ಜನವರಿಯಿಂದ ಇಂಥ ಮದುವೆಗೆ ಕಾನೂನು ಇರುವ ಥಾಯ್ಲೆಂಡಿನಂಥ ದೇಶದಲ್ಲಾದರೂ ಆಗಬಹುದು. ಬೇರೆ ದೇಶದಲ್ಲಾದರೆ ಅಲ್ಲಿ ಯಾವ ಕಾಗದ ಕೇಳುತ್ತಾರೆ ಎಂದು ಮೊದಲೇ ವಿಚಾರಿಸಿ.

ಈ ಬಾಗಿಲು ತೆರೆದಿದ್ದು ತೀರಾ ಇತ್ತೀಚೆಗೆ, ಸಲಿಂಗ ಮದುವೆಯನ್ನು ಕೇಂದ್ರ ಸರ್ಕಾರ ಒಪ್ಪಲೇಬೇಕು ಎಂದ ಅಮೆರಿಕದ ಸುಪ್ರೀಂ ಕೋರ್ಟಿನ 2013ರ ಜೂನ್ 26ರ ವಿಂಡ್ಸರ್ ತೀರ್ಪಿನಿಂದ. ಅದಕ್ಕೂ ಮೊದಲು ಹೇಗಿತ್ತು ಗೊತ್ತಾ? ಅಮೆರಿಕದ ಪ್ರಜೆ ರಿಚರ್ಡ್ ಆಡಮ್ಸ್ ಮತ್ತು ಆಸ್ಟ್ರೇಲಿಯಾದ ಟೋನಿ ಸಲಿವನ್ 1975ರಲ್ಲಿ ಕೊಲರಾಡೊದ ಬೋಲ್ಡರ್‌ನಲ್ಲಿ ಲೈಸೆನ್ಸ್ ಪಡೆದು ಮದುವೆಯಾದರು. ಆಡಮ್ಸ್ ಗಂಡನಿಗಾಗಿ ಅರ್ಜಿ ಹಾಕಿದರು. ವಲಸೆ ಇಲಾಖೆ ಸಲಿಂಗಿಗಳನ್ನು ಬೈಯುವ ಪದವನ್ನೇ ಪತ್ರದಲ್ಲಿ ಬರೆದು ತಿರಸ್ಕರಿಸಿತು. ಕೋರ್ಟಿನಲ್ಲೂ ಸೋತರು. ಆಡಮ್ಸ್ 2012ರಲ್ಲಿ ತೀರಿಕೊಂಡರು. ಅದೇ 1975ರ ಮದುವೆಯ ಆಧಾರದ ಮೇಲೆ ಸಲಿವನ್ ಅವರಿಗೆ ಗ್ರೀನ್ ಕಾರ್ಡ್ ಬಂದಿದ್ದು 2016ರಲ್ಲಿ. ಫಾರ್ಮ್ ತುಂಬಿ ಸುಸ್ತಾದಾಗಲೆಲ್ಲ ನನಗೆ ಇವರಿಬ್ಬರು ನೆನಪಾಗುತ್ತಿದ್ದರು.

ಆನ್‌ಲೈನ್ ಮದುವೆಯ ಬಗ್ಗೆಯೂ ಒಂದು ಮಾತು. ಯೂಟಾ ರಾಜ್ಯದ ಯೂಟಾ ಕೌಂಟಿಯಲ್ಲಿ ವಿಡಿಯೊ ಕಾಲ್ ಮೂಲಕ ಮದುವೆ ಮಾಡಿಸುತ್ತಾರೆ, ಸರ್ಟಿಫಿಕೇಟೂ ಕೊಡುತ್ತಾರೆ. ಆದರೆ ನೀವು ಒಂದು ಕಡೆ, ಅವರು ಇನ್ನೊಂದು ಕಡೆ ಕೂತು ಮದುವೆಯಾಗಿದ್ದರೆ, ಮದುವೆಯ ನಂತರ ಇಬ್ಬರೂ ಭೇಟಿಯಾಗಿ ದಂಪತಿಯಾಗಿ ಕೂಡಿರಬೇಕು. ಇಲ್ಲದಿದ್ದರೆ ವಲಸೆ ಕಾನೂನು ಅದನ್ನು ಮದುವೆ ಎಂದು ಎಣಿಸುವುದಿಲ್ಲ. ಮದುವೆಗೆ ಮುಂಚಿನ ಭೇಟಿ ಇಲ್ಲಿ ನಡೆಯಲ್ಲ. ಆಮೇಲಿನ ಪ್ರವಾಸದ ಟಿಕೆಟ್, ಪಾಸ್‌ಪೋರ್ಟಿನ ಮುದ್ರೆ, ಹೋಟೆಲ್ ಬಿಲ್ ಎಲ್ಲ ಜೋಪಾನವಾಗಿ ಇಟ್ಟುಕೊಳ್ಳಿ.

ಈಗ ನಿಜವಾದ ಕಷ್ಟಕ್ಕೆ ಬರೋಣ. ನೀವಿಬ್ಬರೂ ಹೆಂಗಸರು ಅನ್ನೋದು ಅಡ್ಡಿಯಲ್ಲ. ನೀವು ಇಷ್ಟು ವರ್ಷ ಬಚ್ಚಿಟ್ಟುಕೊಂಡು ಬದುಕಿದ್ದೀರಿ ಅನ್ನೋದೇ ಅಡ್ಡಿ. ಆಫೀಸರ್ ನೋಡುವುದು ಒಂದನ್ನೇ: ಈ ಮದುವೆ ನಿಜವಾ, ಅಥವಾ ವೀಸಾಕ್ಕೆಂದು ಮಾಡಿಕೊಂಡಿದ್ದಾ. ಬೇರೆ ಜೋಡಿಗಳು ಇನ್ನೂರು ನೆಂಟರ ಫೋಟೊ, ಮದುವೆಯ ಕರೆಯೋಲೆ, ಎರಡೂ ಮನೆಯವರ ಪತ್ರ ತಂದಿಡುತ್ತಾರೆ. ನಮ್ಮ ಹತ್ತಿರ ಏನಿರುತ್ತದೆ? ಚಾಟ್ ಅಳಿಸಿರುತ್ತೇವೆ. ಫೋಟೊದಲ್ಲಿ ಬೇಕಂತಲೇ ದೂರ ನಿಂತಿರುತ್ತೇವೆ. ಹೋಟೆಲಿನಲ್ಲಿ ಬೇರೆ ಬೇರೆ ಮಂಚದ ರೂಮು ಕೇಳಿರುತ್ತೇವೆ.

ನನ್ನ ಸಲಹೆ ಏನೆಂದರೆ, ಬಚ್ಚಿಟ್ಟಿದ್ದನ್ನು ಮತ್ತೆ ಬಚ್ಚಿಡಲು ಹೋಗಬೇಡಿ. ಅದನ್ನೇ ಬರೆದು ಕೊಡಿ. ನಾನು ಎರಡು ಪುಟದ ಹೇಳಿಕೆ ಬರೆದೆ. ನಾವು ಹೇಗೆ ಪರಿಚಯವಾದೆವು, ನನ್ನ ಮನೆಯಲ್ಲಿ ಯಾಕೆ ಹೇಳಿಲ್ಲ, ಹೇಳಿದರೆ ಏನಾಗುತ್ತದೆ ಎಂಬ ಭಯವಿದೆ, ಯಾರಿಗೆಲ್ಲ ಗೊತ್ತು, ಎಲ್ಲ ಇತ್ತು. ನನ್ನ ಫೋನಿನಲ್ಲಿ ಅವಳ ನಂಬರ್ ‘ಸುಮಾ ಆಫೀಸ್’ ಎಂದು ಸೇವ್ ಆಗಿತ್ತು. ಅಮ್ಮ ಫೋನ್ ಎತ್ತಿದರೆ ಅನುಮಾನ ಬರಬಾರದು ಅಂತ. ಚಾಟ್ ಪ್ರಿಂಟ್ ತೆಗೆದಾಗ ಪ್ರತಿ ಪುಟದ ತಲೆಯಲ್ಲೂ ಅದೇ ಹೆಸರು. ತಿದ್ದಲು ಹೋಗಲಿಲ್ಲ. ಮೊದಲ ಪುಟದಲ್ಲೇ ‘ಸುಮಾ ಆಫೀಸ್ ಎಂದರೆ ನನ್ನ ಹೆಂಡತಿ, ಕಾರಣ ಹೇಳಿಕೆಯಲ್ಲಿದೆ’ ಎಂದು ಬರೆದೆ. ಇಂಟರ್ವ್ಯೂನಲ್ಲಿ ಆಫೀಸರ್ ಬೆರಳಿಟ್ಟು ಕೇಳಿದ್ದು ಅದನ್ನೇ: ‘ಇದು ಯಾರು?’ ನಾನು ಹೇಳಿದೆ. ‘ನಿಮ್ಮ ತಂದೆ ತಾಯಿಗೆ ಇವತ್ತಿಗೂ ಗೊತ್ತಿಲ್ಲವಾ?’ ಎಂದು ಕೇಳಿದರು. ‘ಇಲ್ಲ’ ಎಂದೆ. ‘ಅವರ ಮನೆಯವರಿಗೆ?’ ‘ಗೊತ್ತು, ಅತ್ತೆ ಬರೆದ ಪತ್ರ ಅಲ್ಲೇ ಇದೆ.’ ಆ ಪತ್ರವನ್ನು ನಿಂತಲ್ಲೇ ಪೂರ್ತಿ ಓದಿದರು. ಆಮೇಲೆ ಕೇಳಿದ್ದೆಲ್ಲ ಮಾಮೂಲಿ ಪ್ರಶ್ನೆಗಳು. ನಮ್ಮ ಖಾಸಗಿ ಬದುಕಿನ ಬಗ್ಗೆ ಮುಜುಗರದ ಪ್ರಶ್ನೆ ಒಂದೂ ಬರಲಿಲ್ಲ.

ನಿಮ್ಮ ಸಂಗಾತಿಯ ಮನೆಯವರಿಗೆ ಗೊತ್ತಿದ್ದರೆ ಅವರ ಪತ್ರಕ್ಕೆ ತುಂಬಾ ತೂಕವಿದೆ. ಇಲ್ಲದಿದ್ದರೆ ನಿಮ್ಮ ವಿಷಯ ಗೊತ್ತಿರುವ ಇಬ್ಬರು ಮೂವರು ಸ್ನೇಹಿತರಿಂದ ಬರೆಸಿ. ಸುಮ್ನೆ ‘ಇವರು ಒಳ್ಳೆಯ ಜೋಡಿ’ ಅಂತಲ್ಲ. ಯಾವಾಗ ನೋಡಿದರು, ಎಲ್ಲಿ ಒಟ್ಟಿಗೆ ಊಟ ಮಾಡಿದರು, ಏನು ಕಂಡರು ಅಂತ. ಅಮೆರಿಕದಲ್ಲಿರುವ ನಿಮ್ಮ ಸಂಗಾತಿ ಮಾಡಬಹುದಾದದ್ದು ಇನ್ನೂ ಜಾಸ್ತಿ. ಅಲ್ಲಿ ಬಚ್ಚಿಡುವ ಅಗತ್ಯ ಇಲ್ಲವಲ್ಲ. ಜೀವವಿಮೆ, ಪಿಂಚಣಿ ಖಾತೆಗಳಲ್ಲಿ ನಿಮ್ಮ ಹೆಸರನ್ನು ಹೆಂಡತಿ ಎಂದು ಬರೆಸಲಿ. ವಿಲ್ ಮಾಡಿಸಲಿ. ಮದುವೆಯಾದ ಮೇಲೆ ತೆರಿಗೆ ಲೆಕ್ಕವನ್ನು ಅವಿವಾಹಿತೆ ಎಂದು ಸಲ್ಲಿಸುವಂತಿಲ್ಲ. ಅದನ್ನೂ ಸರಿಯಾಗಿ ಮಾಡಲಿ, ಯಾಕೆಂದರೆ ಆ ಕಾಗದ ನಿಮ್ಮ ಫೈಲಿಗೆ ಬರುತ್ತದೆ.

ನೀವೂ ಅಷ್ಟೇ. ಮದುವೆಯಾದ ದಿನದಿಂದ ಅಮೆರಿಕದ ಯಾವ ಫಾರ್ಮಿನಲ್ಲೂ ಅವಿವಾಹಿತೆ ಎಂದು ಬರೆಯಬೇಡಿ, ಪ್ರವಾಸಿ ವೀಸಾದ ಫಾರ್ಮಿನಲ್ಲೂ. ಮನೆಯಲ್ಲಿ ಹೇಳದೇ ಇರುವುದು ನಿಮ್ಮಿಷ್ಟ, ವೀಸಾ ಅರ್ಜಿಯಲ್ಲಿ ಸುಳ್ಳು ಹೇಳುವುದು ಬೇರೆ. ಅದು ಸಿಕ್ಕಿಬಿದ್ದರೆ ಜೀವನಪೂರ್ತಿ ತಡೆ ಬೀಳಬಹುದು. ಮನೆಯವರ ಒತ್ತಾಯಕ್ಕೆ ಮೊದಲು ಯಾರನ್ನಾದರೂ ಮದುವೆಯಾಗಿದ್ದರೆ ಕೋರ್ಟಿನ ವಿಚ್ಛೇದನದ ಆದೇಶ ಬೇಕೇ ಬೇಕು. ನಮ್ಮಲ್ಲಿ ಎಷ್ಟೋ ಜನರ ಕಥೆ ಇದು, ಅದಕ್ಕೇ ಹೇಳುತ್ತಿದ್ದೇನೆ. ದೂರ ಇದ್ದೇವೆ, ಮಾತಿಲ್ಲ ಅಂದರೆ ಆಗುವುದಿಲ್ಲ.

ಉಳಿದ ದಾರಿ ಎಲ್ಲರಿಗೂ ಒಂದೇ. ನಿಮ್ಮ ಹೆಂಡತಿ ನಿಮಗಾಗಿ ಐ-130 ಎಂಬ ಅರ್ಜಿ ಹಾಕುತ್ತಾರೆ, ಜೊತೆಗೆ ನಿಮ್ಮ ವಿವರದ ಐ-130ಎ. ಒಪ್ಪಿಗೆಯಾದ ಮೇಲೆ ಫೈಲು ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ ವಲಸೆ ವೀಸಾದ ಅರ್ಜಿಯಾದ ಡಿಎಸ್-260 ಫಾರ್ಮು, ಮತ್ತು ನಿಮ್ಮನ್ನು ಸಾಕಬಲ್ಲರು ಎಂಬ ಐ-864. ಅವರ ಆದಾಯ ಸರ್ಕಾರದ ಬಡತನ ಮಿತಿಯ ಶೇಕಡ 125ರಷ್ಟಾದರೂ ಇರಬೇಕು, ಇಲ್ಲದಿದ್ದರೆ ಇನ್ನೊಬ್ಬರು ಜಂಟಿಯಾಗಿ ಸಹಿ ಹಾಕಬಹುದು. ಆಮೇಲೆ ವೈದ್ಯಕೀಯ ಪರೀಕ್ಷೆ, ಮುಂಬೈ ಕಾನ್ಸುಲೇಟಿನಲ್ಲಿ ಇಂಟರ್ವ್ಯೂ. ಪ್ರಜೆಯ ಹೆಂಡತಿಗೆ ವಾರ್ಷಿಕ ಮಿತಿಯ ಸರದಿ ಇಲ್ಲ, ಆದರೂ ಕಾಯಬೇಕು.

ಮನೆಗೆ ಸುದ್ದಿ ಮುಟ್ಟುತ್ತದಾ ಎಂಬ ಭಯವೂ ನಿಮಗಿರಬಹುದು. ವೀಸಾ ದಾಖಲೆಗಳು ಅಮೆರಿಕದ ಕಾನೂನಿನ ಪ್ರಕಾರ ಗೋಪ್ಯ. ಕಾನ್ಸುಲೇಟಿನವರು ನಿಮ್ಮ ಅಪ್ಪನಿಗೆ ಫೋನ್ ಮಾಡಿ ಹೇಳುವುದಿಲ್ಲ. ಎಚ್ಚರ ಬೇಕಾದದ್ದು ಬೇರೆ ಕಡೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ವಿಚಾರಣೆ ಅಂತ ಪೊಲೀಸರು ಮನೆಗೆ ಬರಬಹುದು. ವಿದೇಶಕ್ಕೆ ಹೋಗುತ್ತಿದ್ದೇನೆ ಎಂಬಷ್ಟನ್ನು ಮನೆಯಲ್ಲಿ ಮೊದಲೇ ಹೇಳಿಡಿ. ಅರ್ಜಿಗೆಂದೇ ಹೊಸ ಇಮೇಲ್ ಮಾಡಿಕೊಳ್ಳಿ, ಮನೆಯ ಕಂಪ್ಯೂಟರಿನಲ್ಲಿ ತೆರೆಯಬೇಡಿ. ಮನೆಯವರಿಂದ ಬೆದರಿಕೆ ಇದ್ದರೆ ಮೂಲ ಕಾಗದಗಳನ್ನು, ಪಾಸ್‌ಪೋರ್ಟನ್ನು ನಂಬಿಕೆಯ ಸ್ನೇಹಿತರ ಹತ್ತಿರ ಇಡಿ. ಪಾಸ್‌ಪೋರ್ಟ್ ಮನೆಯವರ ಕೈ ಸೇರಿದರೆ ಇಷ್ಟೆಲ್ಲ ಮಾಡಿದ್ದೂ ನಿಂತುಹೋಗುತ್ತದೆ. ಮನೆಯಲ್ಲಿ ಯಾವಾಗ ಹೇಳಬೇಕು ಅನ್ನೋದನ್ನು ವೀಸಾದ ಜೊತೆ ಗಂಟು ಹಾಕಬೇಡಿ.

ಅಮೆರಿಕಕ್ಕೆ ಕಾಲಿಡುವಾಗ ಮದುವೆಗೆ 2 ವರ್ಷ ತುಂಬಿರದಿದ್ದರೆ ಸಿಗುವುದು 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು, ಮತ್ತೆ ಪುರಾವೆ ಕೊಡಬೇಕು. ಅಷ್ಟರಲ್ಲಿ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಕರೆಂಟ್ ಬಿಲ್ ಎಲ್ಲದರಲ್ಲೂ ಇಬ್ಬರ ಹೆಸರು ಇರುತ್ತದೆ. ಈ ಸಲ ನೀವು ಯಾವುದನ್ನೂ ವಿವರಿಸಬೇಕಾಗಿಲ್ಲ. ಮದುವೆ ಎಲ್ಲಿ ಆಗುತ್ತೀರಿ ಎಂದು ನೀವು ಬರೆದಿಲ್ಲ. ತಿಳಿಸಿದರೆ ಅದಕ್ಕೆ ಬೇಕಾದ ಕಾಗದಗಳ ಬಗ್ಗೆ ಇನ್ನಷ್ಟು ಹೇಳುತ್ತೇನೆ.